ಅಂಗಾತ ಮಲಗಿಸಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಒಂದಷ್ಟು ಮಕ್ಕಳನ್ನು ನೋಡಿಕೊಳ್ಳುವ ಸಣ್ಣ ಡೇ ಕೇರ್ ಶುರು ಮಾಡಬೇಕಾದರೆ ರಾಜ್ಯ ಸರ್ಕಾರದ ಲೈಸೆನ್ಸ್ ಬೇಕು. ಸಣ್ಣದು ಎಂದರೆ ಹೆಚ್ಚೆಂದರೆ 8 ಮಕ್ಕಳು. ಎಲ್ಲವೂ ಎಳೆಗೂಸುಗಳೇ ಆದರೆ 4 ಮಾತ್ರ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಕನ್ನಡದ ಕುಟುಂಬಗಳು ನೆಲೆಸಿರುವ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯಲ್ಲಿ ನಮ್ಮ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಇಳಿದಿದ್ದಾರೆ. ಇಲಾಖೆಯವರು ಮನೆಗೇ ಬಂದು ಒಂದೊಂದನ್ನೂ ನೋಡುತ್ತಾರೆ. ಬೆಂಕಿ ಆರಿಸುವ ಸಿಲಿಂಡರ್, ಹೊಗೆ ಬಂದರೆ ಕೂಗುವ ಅಲಾರಂ, ಮೆಟ್ಟಿಲಿಗೆ ಅಡ್ಡಗೇಟು, ಔಷಧಿಗೆ ಮತ್ತು ನೆಲ ಒರೆಸುವ ದ್ರಾವಣಕ್ಕೆ ಬೀಗ, ಬಂದೂಕಿದ್ದರೆ ಅದಕ್ಕೂ ಬೀಗ, ಈಜುಕೊಳವಿದ್ದರೆ ಸುತ್ತ 5 ಅಡಿ ಬೇಲಿ. ಇವೆಲ್ಲ ಯಾಕೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಿಡಿಸಿ ಹೇಳಬೇಕಾದದ್ದು ಕೂಸು ಮಲಗುವ ಮೂಲೆಯ ನಿಯಮಗಳನ್ನು.

ಅಲ್ಲಿ ಒಂದು ಕ್ರಿಬ್, ಅಂದರೆ ಸುತ್ತ ಕಟಾಂಜನವಿರುವ ತೊಟ್ಟಿಲು, ಇರುತ್ತದೆ. ಅದರಲ್ಲಿ ಗಟ್ಟಿಯಾದ, ಮಟ್ಟಸವಾದ ಹಾಸಿಗೆ, ಅದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಒಂದು ಹಾಸುಬಟ್ಟೆ. ಅಷ್ಟೆ. ದಿಂಬಿಲ್ಲ, ಕಂಬಳಿಯಿಲ್ಲ, ಬಟ್ಟೆಯ ಗೊಂಬೆಯಿಲ್ಲ, ಸುತ್ತ ಮೆತ್ತೆಯಿಲ್ಲ. ಕೂಸನ್ನು ಅಂಗಾತವೇ ಮಲಗಿಸಬೇಕು. 15 ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ಉಸಿರಾಟ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಮಗಳ ಬಾಣಂತನಕ್ಕೆಂದು ಊರಿನಿಂದ ಹೋದ ಅಜ್ಜಿಯರಿಗೆ ಈ ಬೋಳು ತೊಟ್ಟಿಲು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 'ಕೂಸಿಗೆ ಒಂದು ದಿಂಬೂ ಬೇಡವೇನೇ?' ಎಂದು ಕೇಳದ ಅಜ್ಜಿ ಅಪರೂಪ. ಕೇಳುವುದು ನ್ಯಾಯವೇ. ಆ ಬೋಳು ತೊಟ್ಟಿಲು ಯಾರದೋ ಕಠಿಣ ಮನಸ್ಸಿನಿಂದ ಬಂದದ್ದಲ್ಲ. ಸಾವಿರಾರು ಕೂಸುಗಳನ್ನು ಕಳೆದುಕೊಂಡ ಮೇಲೆ, ಕೆಲವರು ಮನೆಮನೆಗೆ ಹೋಗಿ ಕೇಳಿ ತಿಳಿದುಕೊಂಡದ್ದು ಅದು.

ಆರೋಗ್ಯವಾಗಿದ್ದ ಕೂಸು ಮಲಗಿದಲ್ಲೇ ತೀರಿಹೋಗುವುದು ಹಳೆಯ ಕಾಲದಿಂದ ಇದ್ದದ್ದೇ. ಬೈಬಲ್‌ನಲ್ಲಿ ಸೊಲೊಮೋನ ರಾಜನ ಮುಂದೆ ಒಂದೇ ಮಗುವಿಗಾಗಿ ಜಗಳವಾಡುವ ಇಬ್ಬರು ಹೆಂಗಸರ ಕತೆ ಬರುತ್ತದಲ್ಲ, ಅಲ್ಲಿ ಒಬ್ಬಳ ಕೂಸು ರಾತ್ರಿ ಅವಳ ಮೈಯಡಿ ಸಿಕ್ಕಿ ಸತ್ತಿತೆಂದೇ ಹೇಳಿದೆ. ಯುರೋಪಿನಲ್ಲಿ ಶತಮಾನಗಳ ಕಾಲ ಇಂಥ ಸಾವಿಗೆಲ್ಲ ಅದೇ ಕಾರಣ ಹೇಳಿ ತಾಯಿಯ ತಲೆಗೆ ಕಟ್ಟಿದರು. ಕೂಸು ಬೇರೆ ತೊಟ್ಟಿಲಲ್ಲಿ ಮಲಗತೊಡಗಿದ ಮೇಲೂ ಸಾವು ನಿಲ್ಲಲಿಲ್ಲ. ಇಂಗ್ಲಿಷ್ ನಾಡುಗಳಲ್ಲಿ ಜನ ಅದನ್ನು ತೊಟ್ಟಿಲ ಸಾವು ಎಂದರು. 1969ರಲ್ಲಿ ಸಿಯಾಟಲ್‌ನಲ್ಲಿ ಸೇರಿದ ವೈದ್ಯರು ಅದಕ್ಕೊಂದು ಶಾಸ್ತ್ರೀಯ ಹೆಸರು ಕೊಟ್ಟರು. ಅದರ ಮೊದಲಕ್ಷರಗಳಿಂದ ಇಂದಿನ 'ಸಿಡ್ಸ್' ಬಂತು. ಶವಪರೀಕ್ಷೆಯಲ್ಲಿ ಏನೂ ಸಿಗದ, ಯಾಕಾಯಿತೆಂದು ಹೇಳಲಾಗದ ಸಾವು ಎಂಬುದೇ ಅದರ ಲಕ್ಷಣ. ತಾಯಿ ತಪ್ಪಿತಸ್ಥಳಲ್ಲ ಎಂಬ ಮಾತಾದರೂ ಆಗ ಸಿಕ್ಕಿತು. ಕಾರಣ ಮಾತ್ರ ಸಿಗಲಿಲ್ಲ.

ಅದೇ ಹೊತ್ತಿಗೆ ಪಶ್ಚಿಮದ ಮನೆಗಳಲ್ಲಿ ಕೂಸುಗಳು ಬೋರಲು ಮಲಗತೊಡಗಿದ್ದವು. ಡಾಕ್ಟರ್ ಬೆಂಜಮಿನ್ ಸ್ಪಾಕ್ ಬರೆದ ಶಿಶುಪಾಲನೆಯ ಪುಸ್ತಕ 1946ರಲ್ಲಿ ಬಂದದ್ದು. ಅಮೆರಿಕದ ಮನೆಮನೆಯಲ್ಲೂ ಅದಿತ್ತು. 1950ರ ದಶಕದ ಆವೃತ್ತಿಗಳಲ್ಲಿ ಸ್ಪಾಕ್ ಬೋರಲು ಮಲಗಿಸುವುದೇ ಒಳ್ಳೆಯದೆಂದರು. ಅಂಗಾತ ಮಲಗಿದ ಕೂಸು ಕಕ್ಕಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು, ತಲೆಯ ಹಿಂಭಾಗ ಚಪ್ಪಟೆಯಾಗಬಹುದು ಎಂಬುದು ಅವರ ಕಾರಣ. ಕೇಳಿದರೆ ಸರಿ ಎನ್ನಿಸುವ ಮಾತು. ಅದಕ್ಕೆ ಆಸ್ಪತ್ರೆಯ ಬೆಂಬಲವೂ ಸಿಕ್ಕಿತು. ದಿನ ತುಂಬುವ ಮೊದಲೇ ಹುಟ್ಟಿ ಉಸಿರಿಗೆ ಕಷ್ಟಪಡುವ ಕೂಸುಗಳು ಬೋರಲಾಗಿದ್ದಾಗ ಚೆನ್ನಾಗಿ ಉಸಿರಾಡುವುದನ್ನು ವೈದ್ಯರು ಕಂಡಿದ್ದರು. ಯಂತ್ರಗಳ ನಡುವೆ, ನರ್ಸುಗಳ ಕಣ್ಣೆದುರಿನಲ್ಲಿ ಇರುವ ಕೂಸಿಗೆ ಒಳ್ಳೆಯದಾದದ್ದು ಮನೆಯಲ್ಲಿ ಒಂಟಿಯಾಗಿ ಮಲಗುವ ಆರೋಗ್ಯವಂತ ಕೂಸಿಗೂ ಒಳ್ಳೆಯದೇ ಎಂದು ಎಲ್ಲರೂ ನಂಬಿದರು. ನೋಡಿದವರಿಲ್ಲ, ಅಳೆದವರಿಲ್ಲ.

ಸುಳಿವು ಮೊದಲೇ ಇತ್ತು ಎಂಬುದು ಈ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. 1944ರಲ್ಲೇ ನ್ಯೂಯಾರ್ಕಿನ ಹೆರಾಲ್ಡ್ ಅಬ್ರಾಂಸನ್ ಎಂಬ ವೈದ್ಯ, ಉಸಿರುಗಟ್ಟಿ ಸತ್ತವೆಂದು ದಾಖಲಾದ ಕೂಸುಗಳ ಕಡತ ತೆಗೆದು ನೋಡಿ, ಅವುಗಳಲ್ಲಿ ಬಹುಪಾಲು ಬೋರಲಾಗಿ ಮಲಗಿದ್ದವೆಂದು ಬರೆದ. ಮರುವರ್ಷವೇ ಇನ್ನೊಬ್ಬ ವೈದ್ಯ ಕೂಸುಗಳ ಮುಖದ ಮೇಲೆ ಕಂಬಳಿ ಹೊದಿಸಿ ನೋಡಿ, ಅವು ಹೇಗೂ ಗಾಳಿ ಎಳೆದುಕೊಳ್ಳುತ್ತವೆ, ಹೆದರಬೇಕಿಲ್ಲ ಎಂದ. ಎಚ್ಚರವಿರುವ ಗಟ್ಟಿಮುಟ್ಟಾದ ಕೂಸಿನ ಮೇಲೆ, ವೈದ್ಯನ ಎದುರಿನಲ್ಲಿ ನಡೆದ ಪರೀಕ್ಷೆ ಎಲ್ಲಿ, ನಡುರಾತ್ರಿಯ ನಿದ್ದೆ ಎಲ್ಲಿ! ಅಬ್ರಾಂಸನ್‌ನ ಮಾತು ಅಲ್ಲಿಗೇ ಮುಚ್ಚಿಹೋಯಿತು.

ಅದನ್ನು ಮತ್ತೆ ಎತ್ತಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಸೂಸನ್ ಬೀಲ್. ಆಸ್ಟ್ರೇಲಿಯದ ಅಡಿಲೇಡ್ ಊರಿನ ಮಕ್ಕಳ ಆಸ್ಪತ್ರೆಯ ವೈದ್ಯೆ. 1970ರ ದಶಕದಿಂದ ಆಕೆ ಒಂದು ಕೆಲಸ ಹಚ್ಚಿಕೊಂಡರು. ಎಲ್ಲಾದರೂ ಕೂಸು ಹೀಗೆ ತೀರಿಕೊಂಡ ಸುದ್ದಿ ಬಂದರೆ ಆ ಮನೆಗೆ ಹೋಗುವುದು. ತಂದೆತಾಯಿಯ ಜೊತೆ ಕೂತು ಅವರ ಮಾತು ಕೇಳುವುದು. ಕೂಸು ಎಲ್ಲಿ ಮಲಗಿತ್ತು, ಹೇಗೆ ಮಲಗಿಸಿದಿರಿ, ಬೆಳಗ್ಗೆ ಹೇಗೆ ಕಂಡಿರಿ, ಏನು ಹೊದಿಸಿದ್ದಿರಿ ಎಂದು ಕೇಳಿ ಬರೆದುಕೊಳ್ಳುವುದು. ಹಾಗೆ ನೂರಾರು ಮನೆಗಳ ಹೊಸಿಲು ತುಳಿದರು. ದುಃಖದ ಮನೆಯಲ್ಲಿ ಇಂಥ ಪ್ರಶ್ನೆ ಕೇಳುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕು, ಕೇಳಿಸಿಕೊಂಡವರ ಮನಸ್ಸು ಮುರಿಯದಂತೆ ಕೇಳುವುದಕ್ಕೆ ಎಂಥ ಮೃದುತನ ಬೇಕು! ಪ್ರಯೋಗಶಾಲೆಯಲ್ಲಿ ರಕ್ತ, ಮೂಳೆ, ವೈರಸ್ಸು ಹುಡುಕುತ್ತಿದ್ದವರಿಗೆ ಕಾಣದ್ದು ಮಲಗುವ ಕೋಣೆಯಲ್ಲಿ ಅವರಿಗೆ ಕಂಡಿತು. 'ಬೋರಲಾಗಿತ್ತು' ಎಂಬ ಮಾತು ಮನೆಯಿಂದ ಮನೆಗೆ ಮರಳಿ ಮರಳಿ ಬಂತು. 1980ರ ದಶಕದ ನಡುವಿಗೆ ಬೀಲ್ ಅದನ್ನು ಬಹಿರಂಗವಾಗಿ ಹೇಳತೊಡಗಿದರು.

ಬೇರೆ ದಿಕ್ಕುಗಳಿಂದಲೂ ಅದೇ ಉತ್ತರ ಬರುತ್ತಿತ್ತು. ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡಿದ ಬ್ರಿಟಿಷ್ ಮಕ್ಕಳ ವೈದ್ಯ ಡೇವಿಸ್, ಅಲ್ಲಿ ತೊಟ್ಟಿಲ ಸಾವು ತೀರ ವಿರಳವೆಂದು 1985ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಇಕ್ಕಟ್ಟಾದ ಮನೆಗಳು, ತುಂಬಿದ ಜನ, ಆದರೂ ಕೂಸುಗಳು ಬದುಕುತ್ತಿವೆ. ಚೀನೀ ತಾಯಂದಿರು ಕೂಸನ್ನು ಅಂಗಾತ ಮಲಗಿಸುತ್ತಾರೆ ಎಂಬುದು ಅವರ ಕಣ್ಣಿಗೆ ಬಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ಇದರ ತಿರುಗುಮುರುಗು ನಡೆದಿತ್ತು. ಅಲ್ಲಿ ಬೋರಲು ಮಲಗಿಸುವ ರೂಢಿ 1970ರ ದಶಕದ ಆರಂಭದಲ್ಲಿ ಹೊಸದಾಗಿ ಬಂತು. ಅದರ ಹಿಂದೆಯೇ ಕೂಸುಗಳ ಹಠಾತ್ ಸಾವು ಏರಿತು. ದೆ ಯೊಂಗೆ ಎಂಬ ವೈದ್ಯ ಮತ್ತು ಸಂಗಡಿಗರು ಇದನ್ನು ಗುರುತಿಸಿ, 1987ರಲ್ಲಿ ಬೋರಲು ಮಲಗಿಸಬೇಡಿ ಎಂದು ದೇಶಕ್ಕೆಲ್ಲ ಸಾರಿದರು. ಸಾವು ಇಳಿಯಿತು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಪೀಟರ್ ಫ್ಲೆಮಿಂಗ್‌ಗೆ ಇದು ಮೊದಲು ನಂಬುವ ಮಾತಾಗಿ ಕಾಣಲಿಲ್ಲ. ಅವರ ಗಮನವಿದ್ದದ್ದು ಕೂಸಿನ ಮೈಬಿಸಿಯ ಮೇಲೆ. ಹೆಚ್ಚು ಹೊದಿಸಿ, ಕೋಣೆ ಬಿಸಿ ಮಾಡಿ ಕೂಸನ್ನು ಕಾಯಿಸುತ್ತಿದ್ದೇವೆಯೇ ಎಂದು ಅವರು ನೋಡುತ್ತಿದ್ದರು. ಆದರೂ 1987ರಿಂದ 1989ರವರೆಗೆ ಏವನ್ ಪ್ರಾಂತ್ಯದಲ್ಲಿ ನಡೆಸಿದ ಅಧ್ಯಯನದಲ್ಲಿ ಮಲಗಿಸಿದ ಭಂಗಿಯನ್ನೂ ಕೇಳಿ ಬರೆದುಕೊಂಡರು. ಕೂಸು ತೀರಿಕೊಂಡ ಮನೆಗೆ ಹೋದಂತೆಯೇ, ಅದೇ ವಯಸ್ಸಿನ ಕೂಸು ಬದುಕಿರುವ ಮನೆಗಳಿಗೂ ಹೋಗಿ ಅದೇ ಪ್ರಶ್ನೆ ಕೇಳಿದರು. ಬದುಕಿದವರನ್ನೂ ಕೇಳದೆ ಹೋದರೆ ಸತ್ತವರ ಲೆಕ್ಕಕ್ಕೆ ಅರ್ಥವಿಲ್ಲವಲ್ಲ. 1990ರಲ್ಲಿ ಬಂದ ಫಲಿತಾಂಶ ಅವರ ಅನುಮಾನವನ್ನೇ ಅಳಿಸಿತು: ಬೋರಲು ಮಲಗಿಸಿದ ಕೂಸಿಗೆ ಅಪಾಯ ಸುಮಾರು 9 ಪಟ್ಟು. ಅತಿಯಾದ ಹೊದಿಕೆಯೂ ಅಪಾಯವೇ ಎಂಬ ಅವರ ಊಹೆಯೂ ನಿಜವಾಯಿತು. ಎರಡೂ ಸೇರಿದರೆ ಇನ್ನೂ ಕೆಟ್ಟದ್ದು.

ಆಗ ಮುಂದುವರಿದ ದೇಶಗಳ ಪೈಕಿ ಇಂಥ ಸಾವು ಅತಿ ಹೆಚ್ಚು ಇದ್ದವುಗಳಲ್ಲಿ ನ್ಯೂಜಿಲೆಂಡ್ ಒಂದು. ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ 4ರಷ್ಟು ಹೀಗೆ ಹೋಗುತ್ತಿದ್ದವು. ಎಡ್ವಿನ್ ಮಿಚೆಲ್ ಮತ್ತು ಸಂಗಡಿಗರು 1987ರಿಂದ 3 ವರ್ಷ ಇಡೀ ದೇಶದಲ್ಲಿ ಅಧ್ಯಯನ ನಡೆಸಿದರು. ಮೊದಲ ವರ್ಷದ ಲೆಕ್ಕ ಕೈಗೆ ಬರುತ್ತಲೇ ಚಿತ್ರ ಸ್ಪಷ್ಟವಾಯಿತು. ಬೋರಲು ಮಲಗಿಸುವುದು, ತಾಯಿ ಸಿಗರೇಟು ಸೇದುವುದು, ಎದೆಹಾಲು ಕೊಡದಿರುವುದು. ಬದಲಾಯಿಸಬಹುದಾದ ಸಂಗತಿಗಳು ಇವು. ಅಲ್ಲಿ ಪ್ರಚಾರ ಶುರುವಾಯಿತು, ಸಾವು ಅರ್ಧದಷ್ಟಕ್ಕೆ ಇಳಿಯಿತು.

ಬ್ರಿಟನ್ನಿನಲ್ಲಿ ಈ ಮಾತು ಮನೆಮನೆಗೆ ಮುಟ್ಟಲು ಒಬ್ಬ ತಾಯಿ ಬೇಕಾಯಿತು. ಟಿವಿಯಲ್ಲಿ ಎಲ್ಲರಿಗೂ ಪರಿಚಿತರಾಗಿದ್ದ ಆನ್ ಡೈಮಂಡ್ ಅವರ ಮಗ ಸೆಬಾಸ್ಟಿಯನ್ 1991ರ ಜುಲೈನಲ್ಲಿ, ನಾಲ್ಕು ತಿಂಗಳ ಕೂಸಾಗಿದ್ದಾಗ ತೀರಿಕೊಂಡ. ನ್ಯೂಜಿಲೆಂಡಿನಲ್ಲಿ ಉತ್ತರ ಸಿಕ್ಕಿದೆ ಎಂದು ತಿಳಿದ ಆಕೆ ಅಲ್ಲಿಗೇ ಹೋಗಿ ವಿಚಾರಿಸಿ, ಮರಳಿ ಬಂದು ಸರ್ಕಾರವನ್ನು ಒತ್ತಾಯಿಸಿದರು. ಅದೇ ಡಿಸೆಂಬರ್‌ನಲ್ಲಿ ಪ್ರಚಾರ ಆರಂಭವಾಯಿತು. ಒಂದೇ ವರ್ಷದಲ್ಲಿ ಸಾವಿನ ಸಂಖ್ಯೆ ಅರ್ಧದ ಹತ್ತಿರಕ್ಕೆ ಬಿತ್ತು. ಹೊಸ ಔಷಧಿಯಿಲ್ಲ, ಚುಚ್ಚುಮದ್ದಿಲ್ಲ, ಮನೆಯವರಿಗೆ ಒಂದು ಪೈಸೆ ಖರ್ಚಿಲ್ಲ. ಕೂಸನ್ನು ತಿರುಗಿಸಿ ಮಲಗಿಸಿದರು, ಅಷ್ಟೆ.

2005ರಲ್ಲಿ ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಚದುರಿ ಬಿದ್ದಿದ್ದ ಪುರಾವೆಗಳನ್ನು ಯಾರಾದರೂ ಸೇರಿಸಿ ಲೆಕ್ಕ ಹಾಕಿದ್ದರೆ 1970ಕ್ಕೇ ಉತ್ತರ ಸಿಗುತ್ತಿತ್ತು. ಸಿಕ್ಕಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿ ಕನಿಷ್ಠ 50,000 ಕೂಸುಗಳು ಉಳಿಯಬಹುದಿತ್ತು ಎಂಬುದು ಅವರ ಅಂದಾಜು.

ಬೋರಲಾದರೆ ಯಾಕೆ ಅಪಾಯ? ಪೂರ್ತಿ ಉತ್ತರ ಇನ್ನೂ ಬಂದಿಲ್ಲ, ಬಂದಷ್ಟು ಹೇಳುತ್ತೇನೆ. ಬೋರಲು ಮಲಗಿದ ಕೂಸು ಗಾಢವಾಗಿ ನಿದ್ದೆ ಹೋಗುತ್ತದೆ. ನೋಡಿಕೊಳ್ಳುವವರಿಗೆ ಅದೇ ಹಿತ. ಅಳು ಇಲ್ಲ, ಬೆಚ್ಚಿ ಏಳುವುದಿಲ್ಲ. ಆದರೆ ಕೂಸಿನ ಕಾವಲು ಇರುವುದೇ ಆ ಬೆಚ್ಚಿ ಏಳುವುದರಲ್ಲಿ. ಮುಖ ಹಾಸಿಗೆಗೆ ಒತ್ತಿಕೊಂಡು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವಂತಾದಾಗ, ಆರೋಗ್ಯವಂತ ಮಿದುಳು ಎಚ್ಚರಿಸಿ ತಲೆ ಹೊರಳಿಸುವಂತೆ ಮಾಡುತ್ತದೆ. ಬಾಸ್ಟನ್ನಿನ ಹ್ಯಾನಾ ಕಿನ್ನಿ ಅವರ ತಂಡ, ಹೀಗೆ ತೀರಿಕೊಂಡ ಹಲವು ಕೂಸುಗಳ ಮಿದುಳಿನ ಕಾಂಡದಲ್ಲಿ ಸೆರಟೋನಿನ್ ವ್ಯವಸ್ಥೆಯ ದೋಷವನ್ನು ಕಂಡಿದೆ. ಎಚ್ಚರಿಸುವ ಕೆಲಸದಲ್ಲಿ ಅದಕ್ಕೂ ಪಾತ್ರವಿದೆ. ಯಾವ ಕೂಸಿಗೆ ಆ ದೋಷವಿದೆಯೆಂದು ಹೊರಗಿನಿಂದ ನೋಡಿ ಹೇಳಲು ಬಾರದು. ಆದ್ದರಿಂದ ಎಲ್ಲರನ್ನೂ ಅಂಗಾತ ಮಲಗಿಸಬೇಕು. ಇನ್ನು ಸ್ಪಾಕ್ ಹೆದರಿದ್ದ ಕಕ್ಕುವ ವಿಚಾರ. ಶ್ವಾಸನಾಳವಿರುವುದು ಅನ್ನನಾಳದ ಮುಂದೆ. ಕೂಸು ಅಂಗಾತವಿದ್ದಾಗ ಶ್ವಾಸನಾಳ ಮೇಲಾಗುತ್ತದೆ, ಹೊಟ್ಟೆಯಿಂದ ಬಂದ ಹಾಲು ಅದರೊಳಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲಾದರೆ ಶ್ವಾಸನಾಳ ಕೆಳಗೆ. ಭಯ ಸಹಜವಾಗಿತ್ತು, ದಿಕ್ಕು ತಲೆಕೆಳಗಾಗಿತ್ತು.

ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ಕೊಟ್ಟಿತು, 1994ರಲ್ಲಿ ರಾಷ್ಟ್ರೀಯ ಪ್ರಚಾರ ಹೊರಟಿತು. 1992ರಲ್ಲಿ 10 ಕೂಸುಗಳಲ್ಲಿ 7 ಬೋರಲು ಮಲಗುತ್ತಿದ್ದವು. ದಶಕ ಮುಗಿಯುವ ಮೊದಲೇ ಅದು 2ಕ್ಕಿಂತ ಕೆಳಗಿಳಿಯಿತು. ಸಾವೂ ಕ್ರಮೇಣ ಸುಮಾರು ಅರ್ಧಕ್ಕೆ ಇಳಿಯಿತು. ಕತೆ ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿಲ್ಲ, ಮತ್ತು ಮನೆಯಲ್ಲಿ ಡೇ ಕೇರ್ ನಡೆಸುವವರಿಗೆ ಬೇಕಾದ ಭಾಗ ಶುರುವಾಗುವುದೇ ಇಲ್ಲಿಂದ.

ವಾಷಿಂಗ್ಟನ್ನಿನ ಮಕ್ಕಳ ವೈದ್ಯೆ ರೇಚಲ್ ಮೂನ್ ಮತ್ತು ಸಂಗಡಿಗರು, ಉಳಿದ ಸಾವುಗಳು ನಡೆಯುತ್ತಿರುವುದು ಎಲ್ಲಿ ಎಂದು ಕೇಳಿದರು. 11 ರಾಜ್ಯಗಳಿಂದ 1,916 ಸಾವುಗಳ ದಾಖಲೆ ತರಿಸಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: 391 ಕೂಸುಗಳು, ಅಂದರೆ ಶೇ. 20.4ರಷ್ಟು, ತಂದೆತಾಯಿಯ ಬಳಿ ಇಲ್ಲದೆ ಬೇರೆಯವರ ಆರೈಕೆಯಲ್ಲಿದ್ದಾಗ ತೀರಿಕೊಂಡಿದ್ದವು. ಎಳೆಗೂಸುಗಳು ಅಂಥ ಆರೈಕೆಯಲ್ಲಿ ಕಳೆಯುವ ಹೊತ್ತನ್ನು ಲೆಕ್ಕ ಹಾಕಿದರೆ ಈ ಪಾಲು ಶೇ. 20.4ರ ಅರ್ಧಕ್ಕಿಂತಲೂ ಕಡಿಮೆ ಇರಬೇಕಿತ್ತು. ಅವುಗಳಲ್ಲಿ ಹೆಚ್ಚಿನವು ನಡೆದದ್ದು ದೊಡ್ಡ ಡೇ ಕೇರ್ ಕೇಂದ್ರಗಳಲ್ಲಲ್ಲ, ಯಾರದೋ ಮನೆಯಲ್ಲಿ ನಡೆಯುವ ಸಣ್ಣ ಡೇ ಕೇರ್‌ಗಳಲ್ಲಿ. ಆ ಮನೆಯಾಕೆಯರು ಕೆಟ್ಟವರಾಗಿರಲಿಲ್ಲ. ಬಹುಮಂದಿ ತಮ್ಮ ಮಕ್ಕಳನ್ನು ಹಿಂದಿನ ಕಾಲದಲ್ಲಿ ಬೋರಲು ಮಲಗಿಸಿಯೇ ಬೆಳೆಸಿದ್ದವರು, ಹೊಸ ಮಾತು ಕಿವಿಗೆ ಬಿದ್ದಿರಲಿಲ್ಲ. ಪ್ರಚಾರವೆಲ್ಲ ಹೆರಿಗೆ ಆಸ್ಪತ್ರೆಗೆ, ತಾಯಂದಿರಿಗೆ ಮುಟ್ಟಿತ್ತು. ಕೂಸನ್ನು ದಿನವಿಡೀ ನೋಡಿಕೊಳ್ಳುವ ಇನ್ನೊಬ್ಬ ಹೆಂಗಸಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇದರೊಳಗೆ ಇನ್ನೊಂದು ಕ್ರೂರ ಸಂಗತಿ ಅಡಗಿತ್ತು. ಮನೆಯಲ್ಲಿ ದಿನವೂ ಅಂಗಾತ ಮಲಗಿ ಅಭ್ಯಾಸವಾದ ಕೂಸನ್ನು ಒಂದು ದಿನ ಬೇರೆಯವರು ಬೋರಲು ಮಲಗಿಸಿದರೆ, ಸದಾ ಬೋರಲು ಮಲಗುವ ಕೂಸಿಗಿಂತಲೂ ಅದಕ್ಕೆ ಅಪಾಯ ಹೆಚ್ಚು. ಮಿಚೆಲ್ ಮತ್ತು ಸಂಗಡಿಗರು ಇದನ್ನು 1999ರಲ್ಲಿ ತೋರಿಸಿದರು. ಬೋರಲಾಗಿದ್ದು ತಲೆಯೆತ್ತಿ ಹೊರಳಿಸುವುದು ಕೂಸು ಅಭ್ಯಾಸದಿಂದ ಕಲಿಯುವ ವಿದ್ಯೆ. ಆ ಅಭ್ಯಾಸವಿಲ್ಲದ ಕೂಸಿಗೆ ದಾರಿ ತೋಚುವುದಿಲ್ಲ. ತಾಯಿ ಮನೆಯಲ್ಲಿ ಪಾಲಿಸಿದ ಎಚ್ಚರಿಕೆ, ಹೊಸ ಮನೆಯಲ್ಲಿ ಅದೇ ಎಚ್ಚರಿಕೆ ಮುಂದುವರಿಯದಿದ್ದರೆ ಕೂಸಿಗೇ ಮುಳುವಾಗುತ್ತಿತ್ತು. ಡೇ ಕೇರ್‌ಗಳಲ್ಲಿ ನಡೆದ ಸಾವುಗಳಲ್ಲಿ ಮೂರನೇ ಒಂದರಷ್ಟು ಮೊದಲ ವಾರದಲ್ಲೇ, ಅವುಗಳಲ್ಲಿ ಅರ್ಧದಷ್ಟು ಮೊದಲ ದಿನವೇ ಸಂಭವಿಸಿದ್ದು ಆಮೇಲೆ ಗೊತ್ತಾಯಿತು.

ವಯಸ್ಸೂ ಇಲ್ಲಿ ಸೇರಿಕೊಳ್ಳುತ್ತದೆ. ಇಂಥ ಸಾವಿನ ಅಪಾಯ ಹೆಚ್ಚಿರುವುದು ಎರಡರಿಂದ ನಾಲ್ಕು ತಿಂಗಳಲ್ಲಿ. ಆರು ತಿಂಗಳು ದಾಟಿದರೆ ಬಹಳ ಕಡಿಮೆ. ಅಮೆರಿಕದ 1993ರ ಕೇಂದ್ರ ಕಾನೂನು ಹೆತ್ತವರಿಗೆ ಕೊಡುವುದು 12 ವಾರದ ರಜೆ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗೂ ಅಲ್ಲ. ಹಾಗಾಗಿ ಕೂಸು ಡೇ ಕೇರ್‌ನ ಹೊಸಿಲು ದಾಟುವ ಹೊತ್ತೂ ಅಪಾಯದ ಹೊತ್ತೂ ಒಂದೇ ಆಗುತ್ತವೆ. ಈ ಸಂಕಟಕ್ಕೆ ಡೇ ಕೇರ್ ನಡೆಸುವವರನ್ನಷ್ಟೇ ದೂರುವುದು ನ್ಯಾಯವಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಸಂಘಟಿತ ವಲಯದ ತಾಯಿಗೆ 26 ವಾರದವರೆಗೆ ಸಂಬಳ ಸಹಿತ ರಜೆ ಇದೆ. ಆ ಆರು ತಿಂಗಳು ಕೂಸಿಗೆ ಎಂಥ ರಕ್ಷೆ ಎಂಬುದು ಈ ಲೆಕ್ಕ ನೋಡಿದಾಗ ತಿಳಿಯುತ್ತದೆ.

ರೇಚಲ್ ಮೂನ್ ಅವರ ಲೆಕ್ಕ ಬಂದ ಮೇಲೆ ಪ್ರಚಾರ ಡೇ ಕೇರ್‌ಗಳತ್ತ ತಿರುಗಿತು. ಒಂದೊಂದೇ ರಾಜ್ಯ ಲೈಸೆನ್ಸ್ ನಿಯಮಗಳಲ್ಲಿ ಅಂಗಾತ ಮಲಗಿಸುವುದನ್ನು ಬರೆಯಿತು. 2005ರಲ್ಲಿ ಅಕಾಡೆಮಿ, ಮಗ್ಗುಲಾಗಿ ಮಲಗಿಸುವುದೂ ಬೇಡ ಎಂದಿತು. ಮಗ್ಗುಲಿನಿಂದ ಬೋರಲಿಗೆ ಉರುಳುವುದು ಸುಲಭ. ಕ್ರಿಬ್ ಕೂಡ ಬದಲಾಯಿತು. ಪಕ್ಕದ ಕಟಾಂಜನ ಕೆಳಗಿಳಿಸುವಂಥ ಕ್ರಿಬ್‌ಗಳಲ್ಲಿ ಕೂಸುಗಳು ಸಿಕ್ಕಿ ಸತ್ತದ್ದರಿಂದ 2011ರ ಜೂನ್‌ನಲ್ಲಿ ಅವುಗಳ ಮಾರಾಟ ನಿಂತಿತು. ಡೇ ಕೇರ್‌ಗಳು 2012ರ ಡಿಸೆಂಬರ್ ಕೊನೆಯೊಳಗೆ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕಾಯಿತು. ಕಟಾಂಜನದ ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇರಕೂಡದು, ಇಲ್ಲವಾದರೆ ಕೂಸಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ತಲೆ ಚಪ್ಪಟೆಯಾದೀತೆಂಬ ಸ್ಪಾಕ್‌ನ ಇನ್ನೊಂದು ಭಯ ಮಾತ್ರ ಸ್ವಲ್ಪ ನಿಜವಾಯಿತು. ಅದಕ್ಕೂ ದಾರಿಯಿದೆ: ಎಚ್ಚರವಿರುವಾಗ, ಯಾರಾದರೂ ಎದುರಿಗೆ ಕೂತು ಆಡಿಸುತ್ತಿರುವಾಗ, ಚಾಪೆಯ ಮೇಲೆ ಬೋರಲು ಹಾಕುವುದು. ಕತ್ತು ಗಟ್ಟಿಯಾಗುತ್ತದೆ, ತಲೆಯೂ ದುಂಡಾಗುತ್ತದೆ.

ನಮ್ಮ ಕಡೆ ತೊಟ್ಟಿಲಲ್ಲಿ ಕೂಸು ಅಂಗಾತವೇ ಮಲಗುತ್ತದೆ. ಅಜ್ಜಿಯರು ಶಾಸ್ತ್ರ ಓದದೆಯೇ ಪಾಲಿಸಿದ ಒಳ್ಳೆಯ ಪದ್ಧತಿ ಅದು. ಆದರೆ ತಲೆ ದುಂಡಾಗಲೆಂದು ಇಡುವ ಸಾಸಿವೆ ದಿಂಬು, ನಿದ್ದೆಯಲ್ಲೂ ತೆಗೆಯದ ಉಣ್ಣೆಯ ಕುಲಾವಿ, ಮೂಗಿನವರೆಗೆ ಎಳೆದ ಕಂಬಳಿ, ಕೋಣೆ ತುಂಬುವ ಸಾಂಬ್ರಾಣಿ ಹೊಗೆ, ಕೂಸು ಬಾಗಿ ಗಲ್ಲ ಎದೆಗೆ ಒತ್ತುವಂತೆ ಕಟ್ಟಿದ ಸೀರೆಯ ಜೋಲಿ, ಇವನ್ನು ಪ್ರೀತಿಯಿಂದಲೇ ಕೈಬಿಡಬೇಕಾಗಿದೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬೇಬಿ ಸಿಟ್ಟಿಂಗ್ ನಡೆಸುವ ಗೃಹಿಣಿಯರು ಬಹಳ ಮಂದಿ. ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಹೊರಟ 'ಕೂಸಿನ ಮನೆ'ಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವವರು ಊರಿನ ಹೆಣ್ಣುಮಕ್ಕಳೇ. ಅವರ ತರಬೇತಿಯಲ್ಲಿ ಮಲಗಿಸುವ ಪಾಠಕ್ಕೆ ಊಟದ ಪಾಠದಷ್ಟೇ ಜಾಗ ಸಿಗಬೇಕು.

ಕೂಸನ್ನು ಯಾರ ಬಳಿಯಾದರೂ ಬಿಡಲು ಹೊರಟಿದ್ದೀರಾದರೆ, ಹಾಲು ಎಷ್ಟು, ಡಯಾಪರ್ ಎಷ್ಟು ಎಂದು ಹೇಳುವುದಕ್ಕೂ ಮೊದಲು ಅದು ಮಲಗುವ ಜಾಗವನ್ನು ಕಣ್ಣಾರೆ ನೋಡಿ. ಮೊದಲ ದಿನವೇ, ಸಂಕೋಚ ಬಿಟ್ಟು ಹೇಳಿ: ಅಕ್ಕಾ, ನಮ್ಮ ಕೂಸು ಅಂಗಾತವೇ ಮಲಗುತ್ತದೆ, ಬೋರಲು ಹಾಕಬೇಡಿ, ದಿಂಬು ಕಂಬಳಿ ಏನೂ ಇಡಬೇಡಿ. ನೀವೇ ಬೇರೆಯವರ ಕೂಸನ್ನು ನೋಡಿಕೊಳ್ಳುವವರಾದರೆ, ತಾಯಿ ಹೇಳಲು ಮರೆತರೂ ನೀವು ಕೇಳಿ.